ಗಿರಣಿಯ ಗೋಡೆಗಳು



ಗಿರಣಿಯ ಭೋಂಗಾ ಕೇಳಿ ಎದ್ದವರ ಮಕ್ಕಳು, ಮೊಮ್ಮಕ್ಕಳು ನಾವು. 1877ರಲ್ಲಿಯೇ ಈ ಸೋಲಾಪುರದಲ್ಲಿ ಗಿರಣಿ ನೆಲೆಗೊಂಡಿತು. ಯಂತ್ರ ನಿಂತ ಮೇಲೆ ಅದರ ಮನೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ನಮಗೆ ಹೊರಗಿನದಲ್ಲ.

ಲಂಡನ್ನಿನ ಥೇಮ್ಸ್ ತೀರದ ಬ್ಯಾಂಕ್‌ಸೈಡ್ ವಿದ್ಯುದಾಗಾರವು 1981ರಲ್ಲಿ ಮುಚ್ಚಿತು. 2000ದಲ್ಲಿ ಅದೇ ಇಟ್ಟಿಗೆಯ ಗೋಡೆಗಳೊಳಗೆ ಟೇಟ್ ಮಾಡರ್ನ್ ಕಲಾಮಂದಿರವು ತೆರೆಯಿತು. 99 ಮೀಟರು ಎತ್ತರದ ಚಿಮಣಿಯನ್ನು ಅವರು ಕೆಡವಲಿಲ್ಲ. ಟರ್ಬೈನುಗಳು ಗರ್ಜಿಸುತ್ತಿದ್ದ ಹಜಾರದಲ್ಲಿ ಇಂದು ಮಕ್ಕಳು ಓಡಾಡುವರು.

ಮುಂಬಯಿಯ ಕಥೆ ಬೇರೆ. 1905ರ ಫೀನಿಕ್ಸ್ ಗಿರಣಿಯ ಚಿಮಣಿಯೂ ನಿಂತಿದೆ, ಸರಿ. ಆದರೆ ಅದರ ಕೆಳಗೆ ನಡೆದಿರುವುದು ಸಿರಿವಂತರ ಪೇಟೆ. 1982ರ ಮುಷ್ಕರದಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಾರ್ಮಿಕರು ಕೆಲಸ ಬಿಟ್ಟು ನಿಂತರು; ಬಹುಮಂದಿ ಮರಳಿ ಮಗ್ಗ ಮುಟ್ಟಲಿಲ್ಲ. ಗಿರಣಿಗಳ ನೆಲದಲ್ಲಿ ಮೂರರಲ್ಲೊಂದು ಪಾಲು ನಗರಕ್ಕೆ, ಒಂದು ಪಾಲು ಜನರ ವಸತಿಗೆ ಎಂಬ ನಿಯಮವು 1991ರಲ್ಲಿ ಬಂದಿತು. 2001ರ ತಿದ್ದುಪಡಿಯು ಆ ಹಂಚಿಕೆಯನ್ನು ಖಾಲಿ ನೆಲಕ್ಕಷ್ಟೇ ಸೀಮಿತಗೊಳಿಸಿತು. ಕಟ್ಟಡಗಳಿದ್ದ ನೆಲವೆಲ್ಲ ಲೆಕ್ಕದ ಹೊರಗಾಯಿತು! 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಗೋಡೆ ಉಳಿದರೂ ಗೋಡೆಯೊಳಗೆ ದುಡಿದವನು ಹೊರಗುಳಿಯಬಹುದೆಂಬುದನ್ನು ನಾನು ಕಂಡುಕೊಂಡದ್ದು ಇಲ್ಲಿ.

ಗರಗಸದ ಹಲ್ಲಿನಂತಹ ಗಿರಣಿಯ ಮಾಡನ್ನು ನೀವು ಬಲ್ಲಿರಿ. ಉತ್ತರಕ್ಕೆ ಮುಖಮಾಡಿದ ಗಾಜಿನಿಂದ ಬಿಸಿಲಿಳಿಯದು, ಬೆಳಕು ಮಾತ್ರ ಇಳಿಯುವುದು; ನೂಲಿನ ಎಳೆ ಕಾಣಲೆಂದು ಮಾಡಿದ ಉಪಾಯವದು. ವಾಚನಾಲಯಕ್ಕೆ ಇನ್ನೇನು ಬೇಕು? ಮಗ್ಗದ ಶಾಲೆಗೆ?

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಗಿರಣಿಯ ಹಾಜರಿ ಬಿಲ್ಲೆ ಇದ್ದರೆ ದಯಮಾಡಿ ಶಾಲೆಗೆ ತನ್ನಿರಿ. ಬಿಲ್ಲೆಯನ್ನು ನೀವೇ ಇಟ್ಟುಕೊಳ್ಳಿರಿ. ಹೆಸರನ್ನು ನಾನು ಬರೆದಿಟ್ಟುಕೊಳ್ಳುವೆನು.