ಕೋವಿಗೆ ತಕ್ಕ ತೋಟಾ



ಬತ್ತ ತೆನೆಗಟ್ಟುವ ಕಾಲಕ್ಕೆ ಕಾಡುಹಂದಿಯ ಕಾಟವೂ ಮೊದಲಾಗುತ್ತದೆ. ಅವನ್ನು ಬೆದರಿಸಿ ಓಡಿಸಲು ಮಲೆನಾಡು, ಕೊಡಗಿನ ಅನೇಕ ರೈತರ ಮನೆಗಳಲ್ಲಿ ಕೋವಿ ಇರುತ್ತದೆ. ಕೋವಿಗೆ ಎಣ್ಣೆ ಹಾಕಿ ಜೋಪಾನ ಮಾಡುವವರೂ ತೋಟಾದ ವಿಷಯದಲ್ಲಿ ಉದಾಸೀನರಾಗಿರುವುದುಂಟು. ತೋಟಾ ಒಳಗೆ ಹೋದ ಮಾತ್ರಕ್ಕೆ ಅದು ಆ ಕೋವಿಯದೇ ಎಂದು ತಿಳಿಯಬಾರದು.

ಮೊದಲು ಬೋರಿನ ಅರ್ಥ ತಿಳಿಯಬೇಕು. ನಳಿಗೆಯ ಅಳತೆಗೆ ಸರಿಯಾದ ಸೀಸದ ಗುಂಡುಗಳು ಒಂದು ಪೌಂಡಿಗೆ, ಅಂದರೆ 454 ಗ್ರಾಮಿಗೆ, 12 ತೂಗಿದರೆ ಅದು 12 ಬೋರು. 20 ತೂಗಿದರೆ 20 ಬೋರು. ಆದ್ದರಿಂದ ಅಂಕಿ ಹೆಚ್ಚಿದಷ್ಟೂ ನಳಿಗೆ ಕಿರಿದು. 12 ಬೋರಿನ ನಳಿಗೆ ಸುಮಾರು 18.5 ಮಿ.ಮೀ., 20 ಬೋರಿನದು ಸುಮಾರು 15.6 ಮಿ.ಮೀ.

ಅಪಾಯ ಇರುವುದು ಇಲ್ಲಿಯೇ. 20 ಬೋರಿನ ತೋಟಾವನ್ನು 12 ಬೋರಿನ ಕೋವಿಗೆ ಹಾಕಿದರೆ ಅದು ಜಾರಿ ಮುಂದೆ ಹೋಗಿ ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ತೋಟಾ ಕೂರುವ ಜಾಗ ಬರಿದಾಗಿ ಕಾಣುತ್ತದೆ. ತೋಟಾ ಹಾಕಲು ಮರೆತೆನೆಂದು ಹಿಂದಿನಿಂದ 12 ಬೋರಿನದನ್ನು ತುಂಬಿ ಈಡು ಹೊಡೆದರೆ ನಳಿಗೆಯೇ ಸಿಡಿಯುತ್ತದೆ. ಸಿಡಿಯುವುದು ಎಡಗೈ ಆನಿಸಿ ಹಿಡಿಯುವ ಜಾಗದಲ್ಲೇ. ಈ ಕಾರಣಕ್ಕಾಗಿಯೇ 20 ಬೋರಿನ ತೋಟಾಗಳಿಗೆ ಸಾಮಾನ್ಯವಾಗಿ ಹಳದಿ ಬಣ್ಣ ಕೊಡುತ್ತಾರೆ. ಆದರೂ ಬಣ್ಣವನ್ನೇ ನಂಬದೆ ಅಂಕಿ ಓದಬೇಕು.

ಬೋರು ಸರಿಯಿದ್ದರೂ ಉದ್ದ ಸರಿಯಿರಬೇಕು. 65 ಮಿ.ಮೀ. ತೋಟಾಕ್ಕೆಂದು ಮಾಡಿದ ಹಳೆಯ ಕೋವಿಯಲ್ಲಿ 70 ಮಿ.ಮೀ. ತೋಟಾವೂ ಕೂರುತ್ತದೆ. ಮಡಿಚಿದ ಬಾಯಿ ಹಾರಿದಾಗ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಒಳಗಿನ ಒತ್ತಡ ಏರುತ್ತದೆ.

ಕೇಪಿನ ಕೋವಿಗೆ ಕರಿಮದ್ದೇ ಆಗಬೇಕು. ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ತುಂಬಿದರೆ ಹಳೆಯ ನಳಿಗೆ ಅದನ್ನು ತಾಳಲಾರದು.

ರೈಫಲ್ಲಿನ ಒತ್ತಡ ಇವೆಲ್ಲಕ್ಕಿಂತ ಬಹಳ ಹೆಚ್ಚು. ತೋಟಾ ಅಳತೆಗಿಂತ ಗಿಡ್ಡವಾಗಿದ್ದರೆ ಹಿತ್ತಾಳೆಯ ಕವಚ ಸೀಳಿ, ಬಿಸಿ ಅನಿಲ ಹಿಂದಕ್ಕೆ ಮುಖದ ಕಡೆ ನುಗ್ಗಬಹುದು.

ರೈತರು ನೆನಪಿಡಬೇಕಾದ ಅಂಶಗಳು:

1. ನಳಿಗೆಯ ಮೇಲಿನ ಗುರುತು, ತೋಟಾದ ಬುಡದ ಗುರುತು ಮತ್ತು ಪೆಟ್ಟಿಗೆಯ ಬರಹ, ಈ ಮೂರೂ ತಾಳೆಯಾಗಬೇಕು.
2. ಎರಡು ಬೋರಿನ ತೋಟಾಗಳನ್ನು ಒಂದೇ ಚೀಲದಲ್ಲಾಗಲಿ, ಜೇಬಿನಲ್ಲಾಗಲಿ ಇಡಬಾರದು.
3. ಈಡು ಹಾರದಿದ್ದರೆ ನಳಿಗೆಯನ್ನು ಜನರಿಲ್ಲದ ಕಡೆಗೆ ಹಿಡಿದು ಒಂದು ನಿಮಿಷ ಕಾಯಬೇಕು.
4. ಸದ್ದು ಕ್ಷೀಣವಾಗಿ ಬಂದರೆ ತೋಟಾ ತೆಗೆದು, ನಳಿಗೆಯಲ್ಲಿ ಹಿಂದಿನಿಂದ ಬೆಳಕು ಕಾಣುವುದನ್ನು ಖಚಿತಪಡಿಸಿಕೊಂಡ ಮೇಲೆಯೇ ಇನ್ನೊಂದನ್ನು ತುಂಬಬೇಕು.

ಹಂದಿ ತಿಂದ ಬೆಳೆಯನ್ನು ಮುಂದಿನ ವರ್ಷ ಮತ್ತೆ ಬೆಳೆಯಬಹುದು. ಹೋದ ಕೈ ಮತ್ತೆ ಬಾರದು.