55.42ರ ನಂತರ

ನನ್ನ ಪ್ರೀತಿಯ ಪದವೀಧರರೇ,

ಈ ಸಭಾಂಗಣದಲ್ಲಿ ಒಂದೇ ಅಂಕದಿಂದ ಚಿನ್ನದ ಪದಕ ತಪ್ಪಿಸಿಕೊಂಡವರು ಇದ್ದೀರಿ. ಒಂದೇ ಅಂಕದಿಂದ ಪ್ರಥಮ ದರ್ಜೆ ದಕ್ಕಿಸಿಕೊಂಡವರೂ ಇದ್ದೀರಿ. ಇಬ್ಬರಿಗೂ ಓಟಗಾರ್ತಿ ಪಿ.ಟಿ. ಉಷಾ ಅವರ ಬದುಕಿನಿಂದ ಒಂದು ಮಾತು ಹೇಳಬೇಕೆಂದುಕೊಂಡು ಬಂದಿದ್ದೇನೆ.

ಉಷಾ ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪಯ್ಯೋಳಿಯವರು. ಎಳೆಯ ವಯಸ್ಸಿನಲ್ಲೇ ಕಣ್ಣೂರಿನ ಕ್ರೀಡಾಶಾಲೆ ಸೇರಿದರು. ವಾಯುಪಡೆಯ ಸೇವೆ ಮುಗಿಸಿ ಬಂದಿದ್ದ ಓ.ಎಂ. ನಂಬಿಯಾರ್ ಅಲ್ಲಿ ಅವರಿಗೆ ಗುರುವಾಗಿ ಸಿಕ್ಕರು. ಕಡಲ ದಂಡೆಯ ಮರಳೇ ಅವರ ತಾಲೀಮಿನ ಅಂಗಳವಾಯಿತು. 16ನೇ ವಯಸ್ಸಿಗೆ ಮಾಸ್ಕೋ ಒಲಿಂಪಿಕ್ಸ್, 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ 100 ಮತ್ತು 200 ಮೀಟರ್ ಓಟಗಳಲ್ಲಿ ಬೆಳ್ಳಿ. 1984ರಲ್ಲಿ ಮಹಿಳೆಯರ 400 ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಸೇರಿತು. ಉಷಾಗೆ ಅದರಲ್ಲಿ ಹೆಚ್ಚಿನ ಅನುಭವವೇನೂ ಇರಲಿಲ್ಲ. ಆದರೂ ಗುರುಶಿಷ್ಯೆ ಇಬ್ಬರೂ ಅದನ್ನೇ ಹಿಡಿದರು.

1984ರ ಆಗಸ್ಟ್ 8, ಲಾಸ್ ಏಂಜಲೀಸ್‌ನ ಕೊಲಿಸಿಯಂ, ಫೈನಲ್. ಸೆಮಿಫೈನಲ್ ಗೆದ್ದು ಬಂದ ಉಷಾ ಒಳ್ಳೆಯ ಆರಂಭವನ್ನೇ ಪಡೆದಿದ್ದರು. ಆದರೆ ಇನ್ನೊಬ್ಬ ಓಟಗಾರ್ತಿಯ ಫೌಲ್ ಸ್ಟಾರ್ಟ್‌ನಿಂದ ಎಲ್ಲರೂ ವಾಪಸ್ ಬರಬೇಕಾಯಿತು. ಎರಡನೇ ಸಲ ಆ ಲಯ ಸಿಗಲಿಲ್ಲ. 76.2 ಸೆಂಟಿಮೀಟರ್ ಎತ್ತರದ ಹತ್ತು ಹರ್ಡಲ್‌ಗಳು, ಕೊನೆಯದನ್ನು ದಾಟಿದ ಮೇಲೆ 40 ಮೀಟರ್ ಬರೀ ಓಟ. ಮೊರಾಕ್ಕೊದ ನವಾಲ್ ಎಲ್ ಮುತವಕ್ಕಿಲ್ ಚಿನ್ನ ಗೆದ್ದರು. ಮೂರನೇ ಸ್ಥಾನ ಯಾರದೆಂದು ಬರಿಗಣ್ಣಿಗೆ ಕಾಣಲಿಲ್ಲ, ಫೋಟೊ ನೋಡಬೇಕಾಯಿತು. ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41 ಸೆಕೆಂಡ್, ಉಷಾ 55.42. ಅವರು ಓಡಿದ ಸರಾಸರಿ ವೇಗದಲ್ಲಿ ಲೆಕ್ಕ ಹಾಕಿದರೆ ಈ ಅಂತರ ಏಳು ಸೆಂಟಿಮೀಟರ್, ಅಂದರೆ ನಾಲ್ಕು ಬೆರಳಗಲ. ಗೆರೆ ಮುಟ್ಟಿದ್ದನ್ನು ಲೆಕ್ಕಕ್ಕೆ ಹಿಡಿಯುವುದು ಕೈಕಾಲಿನಿಂದಲ್ಲ, ಮುಂಡದಿಂದ. ಎದೆ ಇನ್ನಷ್ಟು ಮುಂದೆ ಚಾಚಿದ್ದರೆ ಎಂದು ಈ ದೇಶ ಇವತ್ತಿಗೂ ಹಲುಬುತ್ತದೆ.

ಇಲ್ಲಿಯವರೆಗಿನ ಕಥೆ ನಿಮಗೆಲ್ಲ ಗೊತ್ತೇ ಇದೆ. ಆಮೇಲೇನಾಯಿತು ಎಂಬುದನ್ನು ಕೇಳುವವರು ಕಡಿಮೆ.

ಮೂರೇ ದಿನಗಳ ನಂತರ, ಅದೇ ಟ್ರ್ಯಾಕ್‌ನಲ್ಲಿ 4x400 ಮೀಟರ್ ರಿಲೇ ಫೈನಲ್ ಇತ್ತು. ಎಂ.ಡಿ. ವಲ್ಸಮ್ಮ, ನಮ್ಮ ಕರ್ನಾಟಕದ ವಂದನಾ ರಾವ್, ಶೈನಿ ಅಬ್ರಹಾಂ ಅವರ ಜೊತೆ ಉಷಾ ಬ್ಯಾಟನ್ ಹಿಡಿದು ಓಡಿದರು. ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಮರುವರ್ಷ ಜಕಾರ್ತದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಐದು ಚಿನ್ನ, ಒಂದು ಕಂಚು. 1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ನಾಲ್ಕು ಚಿನ್ನ, ಒಂದು ಬೆಳ್ಳಿ. ನಂಬಿಯಾರ್ ಅವರಿಗೆ ಮೊದಲ ವರ್ಷದ ದ್ರೋಣಾಚಾರ್ಯ ಪ್ರಶಸ್ತಿಯೇ ಸಂದಿತು.

ಎದ್ದವರೆಲ್ಲ ಗೆದ್ದೇ ಗೆಲ್ಲುತ್ತಾರೆಂದು ನಿಮಗೆ ಸುಳ್ಳು ಹೇಳಲಾರೆ. 1988ರ ಸೋಲ್ ಒಲಿಂಪಿಕ್ಸ್‌ಗೆ ಉಷಾ ಹೋದದ್ದು ಹಿಮ್ಮಡಿಯ ಗಾಯದೊಂದಿಗೆ. ಹೀಟ್ಸ್ ಕೂಡ ದಾಟಲಿಲ್ಲ. ಹೊತ್ತು ಮೆರೆಸಿದ ಜನರೇ ಹೀಗಳೆದರು. ಅವರು ಮರುವರ್ಷ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ ಗೆದ್ದರು. ಅದೇ ಕಾಲಕ್ಕೆ ಕೊಡಗಿನ ಅಶ್ವಿನಿ ನಾಚಪ್ಪ ದೇಶದೊಳಗಿನ ಕೂಟಗಳಲ್ಲಿ ಉಷಾ ಅವರನ್ನು ಹಿಂದಿಕ್ಕತೊಡಗಿದರು. ಹಿಂದಿನಿಂದ ಬರುವ ಕಿರಿಯರು ನಿಮ್ಮನ್ನೂ ದಾಟುತ್ತಾರೆ, ದಾಟಲೇಬೇಕು. ಮದುವೆಯಾಗಿ, ತಾಯಿಯಾಗಿ ಟ್ರ್ಯಾಕಿಗೆ ಮರಳಿದ ಉಷಾ 1998ರ ಫುಕುವೋಕಾ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲೂ ಪದಕ ತಂದರು. ಆಗ ಅವರಿಗೆ 34 ವರ್ಷ.

ನಿವೃತ್ತಿಯ ನಂತರ ಸ್ವಂತ ಕ್ರೀಡಾಶಾಲೆ ಕಟ್ಟಿದರು. ತಾವು ಕಂಡ ಕೊರತೆ ಮುಂದಿನ ಹುಡುಗಿಯರಿಗೆ ಇರಬಾರದೆಂಬ ಹಟ ಅದರ ಹಿಂದಿತ್ತು. ಅಲ್ಲಿ ಪಳಗಿದ ಟಿಂಟು ಲೂಕಾ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು.

ಇನ್ನು ಆ 55.42? ಸೋಲಿನ ಗುರುತೆಂದು ನಾವು ಮರುಗುತ್ತಾ ಬಂದ ಆ ಅಂಕೆ 39 ವರ್ಷ ಭಾರತದ ರಾಷ್ಟ್ರೀಯ ದಾಖಲೆಯಾಗಿ ಗಟ್ಟಿಯಾಗಿ ನಿಂತಿತ್ತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಮಿಳುನಾಡಿನ ವಿತ್ಯಾ ರಾಮರಾಜ್ ಸರಿಯಾಗಿ 55.42ರಲ್ಲೇ ಓಡಿ ಅದನ್ನು ಸರಿಗಟ್ಟಿದರು. ಫಲಿತಾಂಶ ಬಂದ ದಿನ ಅದರ ಪೂರ್ತಿ ಬೆಲೆ ಯಾರಿಗೂ ತಿಳಿಯುವುದಿಲ್ಲ. ಆ ಬೆಲೆ ಕಟ್ಟುವುದು ನಂತರದ ವರ್ಷಗಳ ದುಡಿಮೆ.

ಆದ್ದರಿಂದ ಪದಕ ಗೆದ್ದವರು ಅದನ್ನೇ ತಲೆದಿಂಬು ಮಾಡಿಕೊಳ್ಳಬೇಡಿ. ಪದಕ ತಪ್ಪಿದವರು ಆ ಒಂದು ಅಂಕವನ್ನು ಜೀವಮಾನವಿಡೀ ಎಣಿಸುತ್ತಾ ಕೂರಬೇಡಿ. ಮೊದಲ ಸಂದರ್ಶನ ಕೆಟ್ಟರೆ ಅದೇ ವಾರ ಎರಡನೆಯದಕ್ಕೆ ತಯಾರಾಗಿ. ನಿಮ್ಮ ಸಾಮರ್ಥ್ಯ ಬೇರೊಂದು ದಾರಿಯಲ್ಲಿದೆ ಎಂದು ಗುರುಗಳು ಹೇಳಿದರೆ ಕಿವಿಗೊಡಿ. ನೆಲೆ ನಿಂತ ಮೇಲೆ, ನಿಮಗೆ ಸಿಗದಿದ್ದ ಒಂದು ಸೌಲಭ್ಯವನ್ನಾದರೂ ನಿಮ್ಮೂರಿನ ಇನ್ನೊಂದು ಮಗುವಿಗೆ ಒದಗಿಸಿ. ಈ ಪದವಿಯ ಋಣ ತೀರುವುದು ಹಾಗೆ.