ಮೈಬಣ್ಣ ಮತ್ತು ಸರ್ಜನ್ನರ ಕಣ್ಣು



ಅಮೆರಿಕದಲ್ಲಿ ಮಕ್ಕಳಿರುವವರು ಮತ್ತೆ ಮತ್ತೆ ಕೇಳುತ್ತೀರಿ: "ಮಗಳಿಗೆ ಸ್ತನ ಕ್ಯಾನ್ಸರ್. ತೆಗೆದ ಸ್ತನವನ್ನು ಹೊಟ್ಟೆಯ ಚರ್ಮದಿಂದ ಮತ್ತೆ ಕಟ್ಟುತ್ತಾರಂತೆ. ನಮ್ಮದು ಕಪ್ಪು ಮೈ, ಕೂಡಿಕೊಳ್ಳುತ್ತದೆಯೇ?"

ಖಂಡಿತ ಕೂಡಿಕೊಳ್ಳುತ್ತದೆ. ಕಪ್ಪು ಚರ್ಮ ದಪ್ಪ, ಅದಕ್ಕೆ ನೋವು ಕಡಿಮೆ ಎನ್ನುವುದೆಲ್ಲ ಶುದ್ಧ ಸುಳ್ಳು. 2016ರಲ್ಲಿ ಪ್ರಕಟವಾದ ವರ್ಜೀನಿಯಾದ ಒಂದು ಅಧ್ಯಯನದಲ್ಲಿ, ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರ ಪೈಕಿ ಸುಮಾರು ಅರ್ಧದಷ್ಟು ಜನ ಇಂಥ ಒಂದಲ್ಲ ಒಂದು ಸುಳ್ಳನ್ನು ನಂಬಿದ್ದರು. ಓದಿದವರ ಪಾಡೇ ಹೀಗಾದರೆ ಸಿಟ್ಟು ಬಾರದೇ?

ನನ್ನ ಚಿಂತೆಯೆಲ್ಲ ಚರ್ಮವನ್ನು ನೋಡುವ ಕಣ್ಣಿನದು. ಎದೆಗೆ ತಂದ ತುಂಡಿಗೆ ಫ್ಲ್ಯಾಪ್ ಎನ್ನುತ್ತೇವೆ. ಅದರ ಸಣ್ಣ ನಾಳಗಳನ್ನು ಸೂಕ್ಷ್ಮದರ್ಶಕದಡಿ ಎದೆಯ ನಾಳಗಳಿಗೆ ಹೊಲಿದಿರುತ್ತೇವೆ. ರಕ್ತ ಒಳಬರುವ ನಾಳ ಕಟ್ಟಿಕೊಂಡರೆ ಫ್ಲ್ಯಾಪ್ ಬಿಳಚಿಕೊಂಡು ತಣ್ಣಗಾಗುತ್ತದೆ. ಹೊರಹೋಗುವ ನಾಳ ಕಟ್ಟಿಕೊಂಡರೆ ಊದಿ ನೇರಳೆಗೆ ತಿರುಗುತ್ತದೆ. ಮೊದಲ ಎರಡು ಮೂರು ದಿನ ಈ ಅಪಾಯ ಹೆಚ್ಚು. ಬೇಗ ಗೊತ್ತಾದರೆ ಥಿಯೇಟರಿಗೆ ಒಯ್ದು ಉಳಿಸಬಹುದು, ತಡವಾದರೆ ಕೈತಪ್ಪಿತು. ಬಿಳಿ ಚರ್ಮದಲ್ಲಿ ಆ ನೇರಳೆ ಎದ್ದು ಕಾಣುತ್ತದೆ, ಕಪ್ಪು ಚರ್ಮದಲ್ಲಿ ಅಡಗಿಬಿಡುತ್ತದೆ. ಇನ್ನೊಮ್ಮೆ ಹೇಳುತ್ತೇನೆ: ಅಪಾಯ ಇಬ್ಬರಿಗೂ ಒಂದೇ, ಕಪ್ಪು ಮೈಯಲ್ಲಿ ಅದರ ಸುಳಿವು ಕಣ್ಣಿಗೆ ಸಿಗುವುದು ಕಷ್ಟ. ಹಾಗಾಗಿ ಮುಟ್ಟಿ ಬಿಸಿ ನೋಡಬೇಕು, ಒತ್ತಿ ಬಿಗುವು ನೋಡಬೇಕು, ಡಾಪ್ಲರ್ ಯಂತ್ರ ಇಟ್ಟು ನಾಳದ ಸದ್ದು ಕೇಳಬೇಕು, ಸೂಜಿ ಚುಚ್ಚಿ ಬಂದ ಹನಿ ಕೆಂಪೋ ಕಪ್ಪೋ ಎಂದು ನೋಡಬೇಕು. ನಾನು ಓದಿದ ಪುಸ್ತಕಗಳ ಚಿತ್ರಗಳಲ್ಲಿ ಬಿಳಿ ಮೈಯೇ ಹೆಚ್ಚು. ನಮ್ಮ ಬಣ್ಣದ ಫ್ಲ್ಯಾಪನ್ನು ಮುಟ್ಟಿ ತಿಳಿಯುವುದನ್ನು ಕಲಿಸಿದವರು ವಾರ್ಡಿನ ಹಿರಿಯ ನರ್ಸು.

ಅಮೆರಿಕದಲ್ಲಿ ಹಾಗೆ ಕಲಿಸುವವರೇ ಕಡಿಮೆ. ಅಲ್ಲಿನ ಜನಸಂಖ್ಯೆಯಲ್ಲಿ ಕಪ್ಪುವರ್ಣೀಯರು ಸುಮಾರು ಶೇ. 13, ಪ್ಲಾಸ್ಟಿಕ್ ಸರ್ಜನ್ನರಲ್ಲಿ ಅವರ ಪಾಲು ಶೇ. 5ಕ್ಕೂ ಕಡಿಮೆ. ಇದಕ್ಕೆ ಹಳೆಯ ಕಾರಣವೂ ಇದೆ: ಅಲ್ಲಿನ ವೈದ್ಯ ಕಾಲೇಜುಗಳ ಮಟ್ಟವನ್ನು ಅಳೆದ 1910ರ ಫ್ಲೆಕ್ಸ್‌ನರ್ ವರದಿಯ ನಂತರ, ಕಪ್ಪುವರ್ಣೀಯರಿಗಿದ್ದ ಏಳು ವೈದ್ಯ ಕಾಲೇಜುಗಳಲ್ಲಿ ಐದು ಮುಚ್ಚಿಹೋದವು. ಉಳಿದದ್ದು ಹೋವರ್ಡ್, ಮೆಹ್ಯಾರಿ ಎರಡೇ. ಆ ನಷ್ಟ ಇನ್ನೂ ತುಂಬಿಲ್ಲ. "ಇದು ನಮ್ಮ ಮೈಮೇಲೆ ಹೇಗೆ ಕಾಣುತ್ತದೆ?" ಎಂದು ಕೇಳುವ ವಿದ್ಯಾರ್ಥಿ ತರಗತಿಯಲ್ಲಿದ್ದರೆ ಉಳಿದವರೂ ಕಲಿಯುತ್ತಾರೆ.

ಸಮಯ ಮುಗಿಯುತ್ತಾ ಬಂತು, ಸಲಹೆ ಎರಡೇ. ಕಪ್ಪುವರ್ಣೀಯ ಹೆಂಗಸರಿಗೆ ಸ್ತನ ಮತ್ತೆ ಕಟ್ಟುವ ಈ ಆಪರೇಷನ್ ಸಿಗುವುದು ಬಿಳಿಯರಿಗಿಂತ ಕಡಿಮೆ. ಎಷ್ಟೋ ಸಲ ಅವರನ್ನು ಪ್ಲಾಸ್ಟಿಕ್ ಸರ್ಜನ್ನರ ಬಳಿಗೆ ಕಳಿಸುವುದೇ ಇಲ್ಲ. ಹಾಗಾಗಿ ಸ್ತನ ತೆಗೆಯುವ ಮೊದಲೇ ಮಗಳು ತಾನಾಗಿ ಕೇಳಿ ಅವರನ್ನು ಕಾಣಲಿ. ಸ್ತನ ತೆಗೆಯುವ ಖರ್ಚು ಕೊಡುವ ಬಹುತೇಕ ವಿಮೆಗಳು ಮತ್ತೆ ಕಟ್ಟುವ ಖರ್ಚನ್ನೂ ಕೊಡಬೇಕೆಂದು 1998ರ ಕಾನೂನಿದೆ. ಆಪರೇಷನ್ ಆದ ರಾತ್ರಿ, "ನನ್ನ ಬಣ್ಣದಲ್ಲಿ ಇದನ್ನು ಹೇಗೆ ಪರೀಕ್ಷಿಸುತ್ತೀರಿ?" ಎಂದು ನರ್ಸನ್ನು ಕೇಳಲಿ. ಸಂಕೋಚ ಬೇಡ.